ಸುತ್ತಿಗೆಯಮ್ಮನ ಪರೀಕ್ಷೆ

ಮಾತು ಹೋದವರಿಗೆ ಬುದ್ಧಿಯೂ ಹೋಯಿತು ಎಂದು ದೊಡ್ಡ ದೊಡ್ಡ ವೈದ್ಯರೇ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, "ಶುದ್ಧ ಸುಳ್ಳು!" ಎಂದು ಮೇಜು ಕುಟ್ಟಿದವರು ನರವೈದ್ಯೆ ಸುತ್ತಿಗೆಯಮ್ಮ. ಮಂಡಿ ತಟ್ಟಿ ನರ ನೋಡುವ ರಬ್ಬರ್ ಸುತ್ತಿಗೆ ಸದಾ ಕೋಟಿನ ಜೇಬಿನಲ್ಲಿರುತ್ತಿದ್ದುದರಿಂದ ಆ ಹೆಸರು. ಅವರ ಪರೀಕ್ಷೆಯೇ ಬೇರೆ. ರೋಗಿಯನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಅವನೆದುರು ಬೇಕೆಂದೇ ಒಂದು ತಪ್ಪು ಮಾಡುತ್ತಿದ್ದರು. ಚಪ್ಪಲಿ ಅದಲುಬದಲು ಹಾಕಿಕೊಂಡು, ಹುಬ್ಬೇರಿಸಿ ಕಾಯುವುದು. ರೋಗಿ ಕೈಚಾಚಿ ತಡೆದನೋ, ಬುದ್ಧಿ ನೆಟ್ಟಗಿದೆ. ಅಂಥವರಿಗೆಂದೇ ಹಟ ಹಿಡಿದು, ಜಗಳವಾಡಿ ಒಂದು ವಾರ್ಡ್ ಕಟ್ಟಿಸಿದರು. ಮಾತೆಲ್ಲ ಹೋದರೂ ಬೈಗುಳ ನಾಲಿಗೆಯಲ್ಲಿ ಉಳಿಯುತ್ತದೆ ಎಂದು ಶಿಷ್ಯರಿಗೆ ಹೇಳಿ ನಗುತ್ತಿದ್ದರು.

ಈಗ ಪಾರ್ಶ್ವವಾಯು ಬಡಿದು ಅವರದೇ ಮಾತು ಹೋಗಿತ್ತು, ಬಲಗೈ ಬಿದ್ದುಹೋಗಿತ್ತು. ಅವರ ಒಪ್ಪಿಗೆಯಿಲ್ಲದೆ ಆ ವಾರ್ಡ್ ಮುಚ್ಚುವಂತಿರಲಿಲ್ಲ. ಬುದ್ಧಿ ಹೋಗಿದೆ ಎಂದಾದರೆ ಆ ಅಧಿಕಾರ ಆಸ್ಪತ್ರೆ ನಡೆಸುವ ತಮ್ಮನ ಮಗನದು. ಅವನೋ ಆ ಜಾಗದ ಮೇಲೆ ಕಣ್ಣಿಟ್ಟು ಕೂತವನು. ಹೊರಗಿನಿಂದ ಒಬ್ಬ ವೈದ್ಯರನ್ನು ಕರೆತಂದೇಬಿಟ್ಟ.

"ನಿಮ್ಮ ಹೆಸರೇನಮ್ಮ? ಇವತ್ತು ಯಾವ ವಾರ?" ವೈದ್ಯರು ಕೇಳಿದರು.

ಅಮ್ಮನ ಪಕ್ಕದಲ್ಲಿದ್ದ ಶಿಷ್ಯೆಗೆ ಮೈಯೆಲ್ಲ ಉರಿಯಿತು. ಮಾತು ಹೋದವರನ್ನು ಮಾತಾಡಿಸಿ ಅಳೆಯುತ್ತಾರಂತೆ! "ಅವರ ಪದ್ಧತೀಲೇ ನೋಡೋಣ ಸರ್," ಎಂದು ಸುತ್ತಿಗೆಯನ್ನು ತಲೆಕೆಳಗಾಗಿ ಹಿಡಿದು ಅಮ್ಮನ ಮಂಡಿ ತಟ್ಟಲು ಹೋದಳು.

ಅಮ್ಮ ಎಡಗೈಯಲ್ಲಿ ಅದನ್ನು ಕಸಿದುಕೊಂಡು ತಲೆ ಬಾಚಿಕೊಳ್ಳತೊಡಗಿದರು.

"ನೋಡಿದ್ರಾ? ನಮ್ಮತ್ತೆ ಕಥೆ ಮುಗೀತು," ಎಂದ ತಮ್ಮನ ಮಗ.

ಶಿಷ್ಯೆ ಗಾಬರಿಯಿಂದ ಅಮ್ಮನ ಮುಖ ನೋಡಿದಳು. ಅಷ್ಟರಲ್ಲಿ ಕಂಡಿತು, ಅಮ್ಮನ ಹುಬ್ಬು ಮೇಲೇರಿ ನಿಂತಿದೆ. ಅಯ್ಯೋ, ಕಾಯುತ್ತಿದ್ದಾರೆ! ನನ್ನ ಪರೀಕ್ಷೆ ನನಗೇನಾ ಎಂದು ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದ್ದಾರೆ!

"ಅಮ್ಮಾ, ಅದು ಬಾಚಣಿಗೆ ಅಲ್ಲ," ಅವಳು ನಗುತ್ತ ಅಳುತ್ತ ಕೈ ಹಿಡಿದಳು.

ಅಮ್ಮ ತಲೆಯಾಡಿಸಿದರು. ಪಾಸು. ಆಮೇಲೆ ಸುತ್ತಿಗೆಯನ್ನು ಸರಿಯಾಗಿ ತಿರುಗಿಸಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ ತಮ್ಮನ ಮಗನ ಮಂಡಿಚಿಪ್ಪಿನ ಕೆಳಗೆ ಫಟ್ಟನೆ ತಟ್ಟಿದರು. ಅವನ ಕಾಲು ಚಿಮ್ಮಿತು. ವೈದ್ಯರು ಗೊಳ್ಳೆಂದು ನಕ್ಕರು.

"ನಾಪಾಸಾಗಿದ್ದು ನಾವು ಕಣ್ರೀ," ಎಂದವರೇ ಬಾಗಿ ಅಮ್ಮನನ್ನೇ ಕೇಳಿದರು. "ಹೇಳಿ ಅಮ್ಮಾ, ವಾರ್ಡ್ ಮುಚ್ಚಬಹುದಾ?"

ಅಮ್ಮ ಸುತ್ತಿಗೆಯಿಂದ ಮೇಜು ಕುಟ್ಟಿದರು. ತಮ್ಮನ ಮಗನ ಮುಖವನ್ನೇ ನೋಡಿದರು. ತಿಂಗಳುಗಳ ಮೇಲೆ ಬಾಯಿ ತೆರೆಯಿತು.

"ಥೂ, ಮುಂಡೇದೇ!"