ತವರಿನ ಹುಲ್ಲು

ಹಂದನಕೆರೆಯಾಚೆಯ ಹಟ್ಟಿಯಲ್ಲಿ ಕಾಳಕ್ಕನ ಕೆಂಪು ಹ್ಯಾಟೆ ಕೋಳಿ ಕಾವಿಗೆ ಕೂರುವ ಹೊತ್ತಿಗೇ, ಮಾಯಸಂದ್ರದಿಂದ ಅವಳ ಅಣ್ಣ ಕೆಂಚಪ್ಪ ಮಂಕರಿ ಹೊತ್ತು ಬಂದ. ಕೊಕ್ಕರೆ ರೋಗ ಹೊಕ್ಕು ಅವನ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತಿದ್ದವು. ಉಳಿದದ್ದು ಮಂಕರಿಯಲ್ಲಿದ್ದ ಮೊಟ್ಟೆಗಳು ಮಾತ್ರ.

"ಅವ್ವನ ಕಾಲದ ತಳಿ ಕಣವ್ವ. ಹೆಂಗಾದ್ರೂ ಮರಿ ಮಾಡ್ಸಿ ಉಳಿಸ್ಕೊಡು," ಎಂದ.

ಕಾವಿನ ಕೋಳಿ ಇರುವ ಮನೆಗೆ ಮೊಟ್ಟೆ ತಂದವರನ್ನು ವಾಪಸು ಕಳಿಸುವ ಪದ್ಧತಿ ಆ ಹಟ್ಟಿಯಲ್ಲಿಲ್ಲ. ಬೇರೆ ಮನೆಯ ಮೊಟ್ಟೆಯನ್ನು ಅದರ ಗೂಡಿನ ಹುಲ್ಲಿನ ಸಮೇತ ಇಡಬೇಕು, ಇಲ್ಲವಾದರೆ ಗೊಡ್ಡಾಗುತ್ತದೆ ಎಂಬ ನಂಬಿಕೆ ಬೇರೆ. ಕೆಂಚಪ್ಪ ಮೊಟ್ಟೆಯಡಿ ಹಾಸಿ ತಂದಿದ್ದ ಹುಲ್ಲಿಗೋ ಸತ್ತ ಕೋಳಿಗಳ ಹಸಿರು ಹಿಕ್ಕೆ ಮೆತ್ತಿತ್ತು. ಸೊಸೆ ಸುನಿತಾ ಮೂಗು ಮುಚ್ಚಿಕೊಂಡು, "ಅತ್ತೆ, ಅದ್ನ ಒಲೆಗೆ ಹಾಕ್ಬುಡಿ," ಎಂದಳು. ಕಾಳಕ್ಕ ಹುಲ್ಲನ್ನು ಎತ್ತಿಕೊಂಡು ಒಲೆಯತ್ತ ನಡೆದಳು ಕೂಡ. ಆದರೆ ತವರಿನ ತಳಿ ತನ್ನ ಕೈಯಲ್ಲಿ ಗೊಡ್ಡಾಯಿತೆಂಬ ಮಾತು ಯಾರಿಗೆ ಬೇಕು? ರೋಗ ಬಂದದ್ದು ಕೋಳಿಗೆ, ಹುಲ್ಲಿಗಲ್ಲವಲ್ಲ ಎಂದುಕೊಂಡು ಅದನ್ನೇ ಮಂಕರಿಯಲ್ಲಿ ಹಾಸಿದಳು. ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಇದ್ದಿಲಿನ ಚೂರು ಇಟ್ಟು, ಹ್ಯಾಟೆಯನ್ನು ಕೂರಿಸಿದಳು.

ಮೊದಲು ಹುಂಜ ಕೂಗುವುದನ್ನು ಬಿಟ್ಟಿತು. ಆಮೇಲೆ ಅಂಗಳದ ತೆಂಗಿನ ಬುಡದಲ್ಲಿ ಒಂದೊಂದೇ ಕೋಳಿ ರೆಕ್ಕೆ ಇಳಿಬಿಟ್ಟುಕೊಂಡು ನಿಂತಿತು; ನಿಂತದ್ದು ಅಲ್ಲೇ ಬಿತ್ತು. ಗುಂಡಿ ತೋಡಿ ತೋಡಿ ಕಾಳಕ್ಕ ಸೋತಳು. ಹ್ಯಾಟೆಯೊಂದು ಉಳಿದರೆ ಸಾಕಪ್ಪ ಎಂದು ಜುಂಜಪ್ಪನಿಗೆ ಕೈಮುಗಿದಳು. ಮೊಟ್ಟೆಯೊಳಗೆ ಮರಿಗಳು ಚಿಂವ್‌ಗುಟ್ಟಲು ಶುರುಮಾಡಿದ ಬೆಳಿಗ್ಗೆ ನೋಡಿದರೆ, ಅದೂ ಕತ್ತು ತಿರುಚಿಕೊಂಡು ಮೊಟ್ಟೆಗಳ ಮೇಲೇ ಸತ್ತಿತ್ತು.

ಸುದ್ದಿ ಕೇಳಿದ್ದೇ ಪಕ್ಕದ ಮನೆಯ ಕೆಂಪಕ್ಕ ಮಡಿಲೊಡ್ಡಿಕೊಂಡು ಓಡಿಬಂದಳು.

"ಬಿಸಿ ಆರೋದ್ರೊಳ್ಗೆ ಕೊಡೇ. ನಮ್ಮ ಹ್ಯಾಟೆನೂ ಕಾವಿಗೆ ಕೂತೈತೆ, ಅದ್ರಡಿ ಮಡಗ್ತೀನಿ."

"ಬ್ಯಾಡ ಕಣೇ. ನಿನ್ನ ಕೋಳಿಗಳೂ ಹೋಗ್ತವೆ," ಎಂದಳು ಕಾಳಕ್ಕ.

"ರೋಗ ಬಂದಿದ್ದು ಕೋಳಿಗೆ. ಚಿಪ್ಪಿನೊಳ್ಗಿರೋವು ಏನ್ ಮಾಡಿದ್ವು? ಜೀವ ಕೂಗ್ತಾ ಐತೆ, ಕೇಳಿಸಲ್ವಾ ನಿಂಗೆ?"

ಕೇಳಿಸುತ್ತಿತ್ತು. ಹುಲ್ಲು ಹಾಸಿದ ದಿನ ತಾನೂ ಹೀಗೆಯೇ ಸಮಾಧಾನ ಹೇಳಿಕೊಂಡಿದ್ದು ಕಾಳಕ್ಕನಿಗೆ ನೆನಪಾಯಿತು. ಕೆಂಪಕ್ಕನನ್ನು ಹೊರಗೆ ತಳ್ಳಿ ಅಗುಳಿ ಹಾಕಿದಳು. "ಕಟುಕಿ," ಎಂದು ಬಾಗಿಲಾಚೆಯಿಂದ ಬೈದು ಕೆಂಪಕ್ಕ ಹೊರಟುಹೋದಳು.

ಮುಟ್ಟಿದರೆ ಎಲ್ಲಿ ಮನಸ್ಸು ಕರಗೀತೋ ಎಂದು ಕಾಳಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಮಂಕರಿಯ ಮುಂದೆ ಅಳುತ್ತಾ ಕೂತಳು. ಚಿಂವ್‌ಗುಟ್ಟುವುದು ಒಂದೊಂದಾಗಿ ನಿಂತಿತು. ಆಮೇಲೆ ಅಂಗಳದಲ್ಲಿ ನೆಲ ಕೆದಕುವ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದಳು. ತನ್ನ ಕೋಳಿಗಳು ಸತ್ತು ಬಿದ್ದಿದ್ದ ತೆಂಗಿನ ಬುಡದಲ್ಲೇ ಕೆಂಪಕ್ಕನ ಕೋಳಿಗಳು ಹಸಿರು ಹಿಕ್ಕೆ ಕೆದಕಿ ಕಾಳು ಹೆಕ್ಕುತ್ತಿದ್ದವು.