ಒಂದು ಬೆರಳಿನಷ್ಟು ಜಾಗ

ಕೆನ್ನೆಯ ಮೇಲೆ ಬಿದ್ದದ್ದು ಎಣ್ಣೆಯೇ, ಬೆವರಾಗಿದ್ದರೆ ಇಷ್ಟು ತಣ್ಣಗಿರುತ್ತಿರಲಿಲ್ಲ, ಒರೆಸಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ, ಎರಡೂ ಕೈ ಗೇರ್‌ಬಾಕ್ಸಿನ ಹೊಟ್ಟೆಯ ಕೆಳಗೆ, ಇನ್ನು ಒಂದು ಬೆರಳು, ಎಂಜಿನ್ನಿಗೂ ಇದಕ್ಕೂ ನಡುವೆ ಒಂದೇ ಒಂದು ಬೆರಳಿನಷ್ಟು ಜಾಗ, ಬಾ ತಾಯಿ, ಕೂತುಕೋ, ನಿನ್ನ ಕಾಲಿಗೆ ಬೀಳುತ್ತೇನೆ — ಬೀಳುವುದೇನು, ಮಲಗಿಯೇ ಇದ್ದೇನಲ್ಲ — ಮೇಲೆ ಗಾಡಿಯೊಳಗೆ ಅಣ್ಣ, ನೆಲದ ತಗಡು ಬಿಚ್ಚಿದ ತೂತಿನಿಂದ ಹಗ್ಗ ಇಳಿಬಿಟ್ಟು ಗೇರ್‌ಬಾಕ್ಸಿನ ಹಿಂಭಾಗ ಎತ್ತಿ ಹಿಡಿದಿದ್ದಾನೆ, ಕೂತಿತೇನೋ, ಇಲ್ಲಣ್ಣ, ಸ್ವಲ್ಪ ಎಡಕ್ಕೆ, ಎಡಕ್ಕೆ ಅಂದ್ರೆ ನಿನ್ನ ಎಡಕ್ಕೋ ನನ್ನ ಎಡಕ್ಕೋ, ಯಾರ ಎಡಕ್ಕಾದರೂ ಸರಿ ಅಲ್ಲಾಡಿಸು ಮಾರಾಯ. ಹತ್ತು ಗಂಟೆಯಾಗಿರಬೇಕು. ಹನ್ನೊಂದಕ್ಕೆ ಹೊರಟರೆ ಎರಡಕ್ಕೆ ಆಸ್ಪತ್ರೆ, ಎರಡಕ್ಕೆ ರಕ್ತ ತೊಳೆಯುವ ಯಂತ್ರ ಅತ್ತಿಗೆಗೆಂದು ಖಾಲಿ ಇಟ್ಟಿರುತ್ತಾರೆ, ಮಂಗಳವಾರದ ಸರದಿ ಆಗಲೇ ತಪ್ಪಿದೆ, ಇವತ್ತು ಶುಕ್ರವಾರ, ಇದೂ ತಪ್ಪಿದರೆ ಮುಂದಿನ ವಾರದವರೆಗೆ ಕಾಯೋ ಹಾಗಿಲ್ಲ ಎಂದು ನರ್ಸ್ ಫೋನಿನಲ್ಲಿ ಹೇಳಿದರು, ಕಾದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಆಂಬುಲೆನ್ಸಿನವನು ಸೇತುವೆಯವರೆಗೆ ಬರುತ್ತಾನಂತೆ, ಅಲ್ಲಿಂದ ಮೇಲಿನ ಒಂಬತ್ತು ಕಿಲೋಮೀಟರ್ ಕಲ್ಲುದಾರಿ ನಾಲ್ಕು ಚಕ್ರವೂ ಎಳೆಯುವ ಗಾಡಿಗೆ ಮಾತ್ರ ದಕ್ಕುವಂಥದ್ದು, ಅಂಥ ಗಾಡಿ ಈ ಎತ್ತರದಲ್ಲಿ ಇದೊಂದೇ. ಮಂಗಳವಾರ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತೆವು, ಮೊದಲ ತಿರುವು ದಾಟುವಷ್ಟರಲ್ಲಿ ಅತ್ತಿಗೆಗೆ ಉಸಿರು ಸಿಗದೆ ತುಟಿ ಬಣ್ಣಗೆಟ್ಟಿತು, ಅಲ್ಲಿಂದಲೇ ಹೊತ್ತು ವಾಪಸ್ ತಂದೆವು.

ಮೂವತ್ತು ವರ್ಷದ ಎಂಜಿನ್ನು ಅಣ್ಣ, ಎಷ್ಟು ದಿನ ಅಂತ ದುಡಿಯತ್ತೆ, ಎಂದು ನಾನೇ ಹೇಳಿದೆ, ಎಷ್ಟು ಸಲೀಸಾಗಿ ಹೇಳಿದೆ, ಸತ್ತ ಯಂತ್ರ ಎದ್ದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ, ಆದರೆ ಅತ್ತಿಗೆ ಬದುಕಿದ್ದಾರೆ, ಹಿಂದಿನ ಸೀಟಿನಲ್ಲಿದ್ದರು, ಕಳೆದ ಶುಕ್ರವಾರ ಆಸ್ಪತ್ರೆಯಿಂದ ಬರುವಾಗ, ರೇಡಿಯೇಟರ್ ಸೋರುವುದು ನನಗೆ ಗೊತ್ತಿತ್ತು, ಸೇತುವೆಯ ಹತ್ತಿರ ನಿಲ್ಲಿಸಿ ನೀರು ಹಾಕಬೇಕಿತ್ತು, ಹಾಕಲಿಲ್ಲ, ಹತ್ತೇ ನಿಮಿಷ ನಿಲ್ಲಬೇಕಿತ್ತು, ನನಗೆ ಹಸಿವಾಗಿತ್ತು, ಅಷ್ಟೇ ಕಾರಣ, ಹಸಿವು. ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ ಡಾಕ್ಟ್ರೇ ಎಂದರು, ನನ್ನನ್ನು ಅವರು ಕರೆಯುವುದೇ ಹಾಗೆ, ನಮ್ಮ ಮನೆಗೆ ಇಬ್ರು ಡಾಕ್ಟ್ರು, ಒಬ್ರು ನನ್ನ ರಕ್ತ ತೊಳೀತಾರೆ, ಇವನು ಗಾಡಿ ಎಣ್ಣೆ ತೊಳೀತಾನೆ, ಬಂದವರಿಗೆಲ್ಲ ಹೇಳಿ ನಗುತ್ತಾರೆ, ನಾನು ಹನ್ನೆರಡರವನಿದ್ದಾಗ ಈ ಮನೆಗೆ ಬಂದವರು — ಆ ದಿನ ನಾನೂ ನಕ್ಕೆ, ಕನ್ನಡಿಯಲ್ಲಿ ಅವರ ಮುಖ ನೋಡಿಯೇ ಹೇಳಿದೆ, ಅದು ಗಾಡಿದಲ್ಲ ಅತ್ತಿಗೆ, ನಿಮ್ಮ ಔಷಧಿ ವಾಸನೆ. ನಗು ನಿಂತಿತು. ಸೆರಗು ಮೂಗಿಗೆ ಒತ್ತಿಕೊಂಡು ತಮ್ಮ ತೋಳನ್ನು ತಾವೇ ಮೂಸಿ ನೋಡಿಕೊಂಡರು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನಲ್ಲಿತ್ತು, ನಾನು ಆಕ್ಸಿಲರೇಟರ್ ಇನ್ನೂ ಒತ್ತಿದೆ, ಕೊನೆಯ ಏರಿನಲ್ಲಿ ಎಂಜಿನ್ ಕಚ್ಚಿಕೊಂಡಿತು, ಚಕ್ರ ಒಮ್ಮೆಲೇ ನಿಂತ ಹೊಡೆತಕ್ಕೆ ಗೇರ್‌ಬಾಕ್ಸಿನ ಹಲ್ಲುಗಳೂ ಪುಡಿ. ಸಂಜೆ ಅಣ್ಣ ಕೇಳಿದಾಗ ಅತ್ತಿಗೆಯೇ ಮೊದಲು ಬಾಯಿ ತೆರೆದರು, ಹೊಗೆ ಕಂಡ ತಕ್ಷಣ ನಿಲ್ಲಿಸಿದ ಕಣ್ರಿ, ಪಾಪ, ಅವನದೇನೂ ತಪ್ಪಿಲ್ಲ. ಬೈದಿದ್ದರೆ ತಿಂದು ಅರಗಿಸಿಕೊಳ್ಳುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಮಾಡಿದವನು ನಾನು, ಉಣ್ಣುತ್ತಿರುವವರು ಅವರು.

ಆರು ದಿನದಿಂದ ಇದೇ ನೆಲ, ಇದೇ ಬೆನ್ನು, ಹಿತ್ತಲಲ್ಲಿ ಮಗುಚಿಬಿದ್ದ ಇಂಥದೇ ಗಾಡಿಯೊಂದಿತ್ತು, ಬಿಡಿಭಾಗಕ್ಕಾದೀತು ಎಂದು ಅಣ್ಣ ಯಾವಾಗಲೋ ಕೊಂಡು ಎಳೆದು ತಂದದ್ದು, ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆಯಿಡುತ್ತಿದ್ದವು, ಅವನ್ನು ಓಡಿಸಿ ಎಂಜಿನ್ ಬಿಚ್ಚಿದೆ, ಗೇರ್‌ಬಾಕ್ಸ್ ಬಿಚ್ಚಿದೆ, ಒಂದು ಗಾಡಿಯ ಹೃದಯ ಇನ್ನೊಂದಕ್ಕೆ, ಗಾಡಿಗೆ ಸಿಕ್ತಲ್ಲ, ನಂಗೂ ಒಂದು ಕಿಡ್ನಿ ಯಾವ ಹಿತ್ತಲಲ್ಲಾದ್ರೂ ಬಿದ್ದಿದ್ಯಾ ನೋಡೋ ಎಂದು ಕಿಟಕಿಯಿಂದ ಕೂಗಿದರು, ಅದು ಬುಧವಾರ, ನಿನ್ನೆ ಕೂಗಲಿಲ್ಲ, ನಿನ್ನೆ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಇದ್ದರು, ಕಾಲು ಎಷ್ಟು ಊದಿದೆಯೆಂದರೆ ಅಣ್ಣನ ಚಪ್ಪಲಿಯೇ ಬಿಗಿ. ಎಂಜಿನ್ ನಿನ್ನೆ ಕೂತಿತು, ಕ್ಲಚ್ ಪ್ಲೇಟ್ ಕೂಡಿಸಿದೆ, ಅಲ್ಲೇ, ಅಲ್ಲೇ ಎಡವಿದ್ದು, ಪ್ಲೇಟು ನಟ್ಟನಡುವೆ ಕೂರಬೇಕು, ಗೇರ್‌ಬಾಕ್ಸಿನ ಶಾಫ್ಟ್ ಅದರ ತೂತು ಹಾಯ್ದು ಎಂಜಿನ್ನಿನ ಸಣ್ಣ ಕುಳಿಗೆ ಇಳಿಯಬೇಕು, ಕೂದಲಿನಷ್ಟು ಸರಿದಿದ್ದರೂ ಕೊನೆಯ ಬೆರಳು ದಾಟುವುದಿಲ್ಲ, ಹಳೆಯ ಶಾಫ್ಟ್ ತೂರಿಸಿ ನೋಡಿಕೊಳ್ಳೋ ಎಂದು ಕೆಲಸ ಕಲಿಸಿದ ಮೇಸ್ತ್ರಿ ಬಡಿದು ಬಡಿದು ಹೇಳಿದ್ದರು, ಹಳೆಯ ಶಾಫ್ಟ್ ಮಾರು ದೂರದಲ್ಲೇ ಬಿದ್ದಿತ್ತು, ನಾನೋ ಕಣ್ಣಳತೆಯ ಗಂಡು, ಒಂದು ಕಣ್ಣು ಮುಚ್ಚಿ ನೋಡಿ ಸರಿಯಿದೆ ಅಂದುಬಿಟ್ಟೆ. ಈಗ ಸರಿಮಾಡಬೇಕೆಂದರೆ ಗೇರ್‌ಬಾಕ್ಸ್ ಮತ್ತೆ ಕೆಳಗಿಳಿಸಬೇಕು, ಪ್ಲೇಟ್ ಸಡಿಲಿಸಬೇಕು, ಮತ್ತೆ ಎತ್ತಬೇಕು, ಮೂರು ತಾಸು, ಮೂರು ತಾಸು ಎಲ್ಲಿಂದ ತರಲಿ.

ಬೋಲ್ಟಿದೆಯಲ್ಲ. ಬೇಡ. ಕೈಯಲ್ಲಿ ಕೂರದ್ದನ್ನ ಬೋಲ್ಟಿಂದ ಎಳೀಬೇಡ, ಬಾಯಂಚು ಸೀಳಿಹೋಗತ್ತೆ, ಅದು ಮೇಸ್ತ್ರಿಯ ಮಾತು, ಇಷ್ಟು ವರ್ಷದಲ್ಲಿ ಒಮ್ಮೆಯೂ ಮೀರಿಲ್ಲ, ಆದರೆ ಮೇಸ್ತ್ರಿಯ ಅತ್ತಿಗೆ ಗೋಡೆಗೊರಗಿ ಕೂತಿರಲಿಲ್ಲವಲ್ಲ, ನಾಲ್ಕು ಕಡೆಗೆ ನಾಲ್ಕು ಬೋಲ್ಟ್, ಒಂದೊಂದಕ್ಕೂ ಕಾಲು ಸುತ್ತು, ಮೇಲಿನದು, ಕೆಳಗಿನದು, ಎಡ, ಬಲ, ಸಮನಾಗಿ ಎಳೆದರೆ ಏನೂ ಆಗುವುದಿಲ್ಲ, ಏನೂ ಆಗಲ್ಲ, ಸೇತುವೆ ದಾಟುವಾಗಲೂ ಇದನ್ನೇ ಅಂದುಕೊಂಡಿದ್ದೆ, ಇನ್ನೊಂದು ಕಾಲು ಸುತ್ತು, ಬೆರಳು ಅರ್ಧ ಬೆರಳಾಯಿತು, ಬಂತಣ್ಣ, ಬರ್ತಾ ಇದೆ, ಸ್ಪ್ಯಾನರ್ ಬಿಗಿಯುತ್ತಿದೆ, ಅತ್ತಿಗೆ ಎದ್ದು ಬಂದರೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಗಬೇಕು, ಇಳಿಜಾರಿನಲ್ಲಿ ಕಿಟಕಿ ತೆರೆದಿಡುತ್ತೇನೆ, ಆ ಮಾತನ್ನು ಇವತ್ತು ದಾರಿಯಲ್ಲೇ ಹೇಳಿಬಿಡುತ್ತೇನೆ, ಅತ್ತಿಗೆ, ಅವತ್ತು ನಿಮ್ಮಿಂದ ಯಾವ ವಾಸನೆಯೂ ಬರ್ತಿರಲಿಲ್ಲ, ಇನ್ನೊಂದು ಕಾಲು ಸುತ್ತು, ಅಗೋ, ಚಕ್ರದ ಪಕ್ಕ ಅಣ್ಣನ ಚಪ್ಪಲಿ, ಅಣ್ಣ ಒಳಗಿದ್ದಾನಲ್ಲ, ಅತ್ತಿಗೆ, ತಾವೇ ನಡೆದು ಬಂದಿದ್ದಾರೆ, ಕರೆಯುವ ಮೊದಲೇ, ಒಂದು ಕಾಲು ಎತ್ತಿದರು, ನಿಂತರು, ಉಸಿರು, ಇನ್ನೊಂದು ಕಾಲು, ಗಾಡಿ ನನ್ನ ಮುಖದ ಮೇಲೆ ಒಂದಿಷ್ಟು ತಗ್ಗಿತು, ಬಾಗಿಲು ಎಳೆದುಕೊಂಡರು, ನಾನು ಕೊನೆಯ ಕಾಲು ಸುತ್ತು ಎಳೆದೆ, ಟಕ್.

ಏನೋ ಅದು ಸದ್ದು, ಎಂದ ಅಣ್ಣ.

ನಾನೇ ಕಣ್ರೀ, ಬಾಗಿಲು ಹಾಕಿದ್ದು, ಎಂದರು ಅತ್ತಿಗೆ, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ, ಹೊರಡೋಣ ಡಾಕ್ಟ್ರೇ, ನಾನು ರೆಡಿ.

ಬಾಗಿಲಲ್ಲ, ಬಾಗಿಲಿನ ಸದ್ದು ಮೊದಲೇ ಆಗಿತ್ತು, ಇದು ಬೇರೆ, ಬೋಲ್ಟಿನ ತೂತಿನಿಂದ ಹೊರಟಿದೆ, ಗೆರೆ, ಗೇರ್‌ಬಾಕ್ಸಿನ ಬಾಯಂಚಿನ ಮೇಲೆ, ಕೂದಲಿನಷ್ಟು ಸಣ್ಣದು, ಧೂಳಿರಬಹುದು, ಹೆಬ್ಬೆರಳಿನಿಂದ ಒರೆಸಿದೆ, ಧೂಳಲ್ಲ, ಕೂತಿತೇನೋ ಎನ್ನುತ್ತಿದ್ದಾನೆ ಅಣ್ಣ, ಮೇಲೆ ಸೀಟಿನಲ್ಲಿ ಅತ್ತಿಗೆ ಸರಿದು ಕೂರುತ್ತಿದ್ದಾರೆ, ನನಗೆ ಜಾಗ ಮಾಡಿಕೊಟ್ಟ ಹಾಗೆ, ಗೆರೆ ಒಂದು ಚೂರು ಮುಂದೆ ಹೋಯಿತು, ಮತ್ತೆ ಒರೆಸಿದೆ, ಗೆರೆ, ಕೂತಿತೇನೋ, ಗೆರೆ —