ಪೆನಿ ಒತ್ತಿದ ಬ್ರೇಕು

ಆ ಬುಧವಾರ ಬೆಳಿಗ್ಗೆ ದೋರ್ಸಾಮಿಯ ಗ್ಯಾರೇಜಿನ ಮುಂದೆ ಮೂರು ಕಾರುಗಳು ನಿಂತಿದ್ದವು. ಮೂರಕ್ಕೂ ಒಂದೇ ಕಾಯಿಲೆ. ವರ್ಷದ ಸರ್ಕಾರಿ ತಪಾಸಣೆ ಹತ್ತಿರ ಬಂದಿತ್ತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿತ್ತು.

ದೀಪ ಉರಿಯುವ ಗಾಡಿಯನ್ನು ತಪಾಸಣೆಯವರು ಮುಲಾಜಿಲ್ಲದೆ ವಾಪಸು ಕಳಿಸುತ್ತಾರೆ. ಅದಕ್ಕೇ ನಮ್ಮ ದ್ವೀಪದ ಲಂಬಾಸಾ ಊರಿನಲ್ಲಿ ಜಪಾನಿನ ಹಳೇ ಕಾರು ಇಟ್ಟುಕೊಂಡವರೆಲ್ಲ ಆ ವಾರ ದೋರ್ಸಾಮಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಅಂಗೈ ಅಗಲದ ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಎರಡು ಗುಂಡಿ ಒತ್ತಿ, ಕಾರಿನ ಕಂಪ್ಯೂಟರು ಬರೆದಿಟ್ಟುಕೊಂಡ ದೋಷವನ್ನು ಅಳಿಸಿಬಿಡುತ್ತಿದ್ದ. ದೀಪ ಆರುತ್ತಿತ್ತು. ದೋಷ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು. ವಾರಕ್ಕೋ ತಿಂಗಳಿಗೋ ದೀಪ ಮತ್ತೆ ಹತ್ತಿಕೊಂಡರೂ ಅಷ್ಟರಲ್ಲಿ ತಪಾಸಣೆ ಮುಗಿದಿರುತ್ತಿತ್ತು. ಊರಿನಲ್ಲಿ ಇದನ್ನು ಯಾರೂ ಮೋಸ ಎಂದು ಕರೆಯುತ್ತಿರಲಿಲ್ಲ. ದೀಪ ಆರಿಸುವುದು ಎನ್ನುತ್ತಿದ್ದರು, ಕೂದಲು ಕತ್ತರಿಸುವುದು ಎಂದಷ್ಟೇ ಸಲೀಸಾಗಿ.

ಮೂರನೆಯ ಕಾರು ನರ್ಸ್ ಫರೀನಾಳದು. ಗುಡ್ಡದಾಚೆಯ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿಕೊಂಡು ಬರುವ ಕೆಲಸ ಅವಳದು.

"ಅಂಕಲ್, ಬೇಗ ಒಂಚೂರು ದೀಪ ಆರಿಸಿಕೊಡಿ. ಹತ್ತು ಗಂಟೆಗೆ ನಾನು ಆಸ್ಪತ್ರೇಲಿರ್ಬೇಕು."

"ಯಾವಾಗ ಹತ್ತುತ್ತೆ?"

"ಗುಡ್ಡ ಇಳಿಯೋವಾಗ. ಏರೋವಾಗ ತೆಪ್ಪಗಿರುತ್ತೆ. ಇಳಿಯೋವಾಗ ಅದಕ್ಕೂ ಭಯ ಅಂತ ಕಾಣುತ್ತೆ, ನನ್ನ ಥರ."

ದೋರ್ಸಾಮಿ ನಕ್ಕು ಸ್ಕ್ಯಾನರನ್ನು ಸಿಕ್ಕಿಸಿದ. ಅದು ಕಾರಿನ ಚಾಸಿ ನಂಬರನ್ನು ಓದಿತು. ಈ ಗಾಡಿ ಹಿಂದೆ ಒಮ್ಮೆ ಇಲ್ಲಿಗೆ ಬಂದಿದೆ ಎಂದು ತೋರಿಸಿತು. ಎರಡು ವರ್ಷದ ಹಿಂದಿನ ಆಗಸ್ಟ್ ಹನ್ನೊಂದು. ಬ್ರೇಕಿನ ಒತ್ತಡ ಅಳೆಯುವ ಸೆನ್ಸರಿನಲ್ಲಿ ದೋಷ. ದೋಷ ಅಳಿಸಲಾಗಿದೆ. ಈಗಿನದೂ ಅದೇ ದೋಷ.

ಅವನ ಕೈ ಅಲ್ಲೇ ನಿಂತಿತು. ಬಾಗಿಲಿನ ಬಿಳಿ ಬಣ್ಣದ ಅಂಚನ್ನು ಉಗುರಿನಿಂದ ಕೆರೆದು ನೋಡಿದ. ಅಡಿಯಲ್ಲಿ ನೀಲಿ ಇತ್ತು. ಅದು ಪೆನಿಯ ಟ್ಯಾಕ್ಸಿ.

"ಏನಾಯ್ತು ಅಂಕಲ್? ಹಾವು ಕಂಡ ಹಾಗೆ ನೋಡ್ತಿದೀರಲ್ಲ?"

"ಗಾಡಿ ಇಲ್ಲೇ ಬಿಟ್ಟು ಹೋಗಮ್ಮ."

"ಅಯ್ಯೋ, ಹತ್ತು ನಿಮಿಷದ ಕೆಲಸ ಅಂದ್ರು ಎಲ್ರೂ!"

"ಆರಿಸೋದು ಹತ್ತು ನಿಮಿಷ. ಹುಡುಕೋಕೆ ಹೊತ್ತು ಬೇಕು. ನೀನು ಬಸ್ಸಿಗೆ ಹೋಗು."

ಫರೀನಾ ಗೊಣಗುತ್ತಲೇ ಚೀಲ ಎತ್ತಿಕೊಂಡು ಹೋದಳು.

ಆ ಆಗಸ್ಟಿನ ಹನ್ನೊಂದನೇ ತಾರೀಖು ಪೆನಿ ತನ್ನ ಹೆಂಡತಿ ಲೊಸೆನಾಳ ಜೊತೆ ಬಂದಿದ್ದ. ಅವಳು ಕಾರಿನಿಂದ ಇಳಿದಿರಲಿಲ್ಲ. ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಕೆಲಸ ಮುಗಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನೇನೂ ತೊಂದ್ರೆ ಇಲ್ವಲ್ಲ, ಅಣ್ಣ?" ಎಂದು ಕೇಳಿದ್ದಳು. ದೋರ್ಸಾಮಿ, "ದೀಪ ಆರಿದೆಯಲ್ಲಮ್ಮ, ಇನ್ನೇನು?" ಎಂದಿದ್ದ.

ಮೂರು ದಿನದ ಮೇಲೆ ಗುಡ್ಡದಾಚೆಯ ಸವುಸವು ಕಡೆಯಿಂದ ಗುಡ್ಡ ಇಳಿಯುವಾಗ ಟ್ಯಾಕ್ಸಿ ತಿರುವಿನಲ್ಲಿ ನಿಲ್ಲದೆ ಹಳ್ಳಕ್ಕೆ ಬಿತ್ತು. ಲೊಸೆನಾ ಉಳಿಯಲಿಲ್ಲ. ಪೆನಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ನಾನು ಬ್ರೇಕ್ ಒತ್ತಿದೆ, ಪೆಡಲ್ ಕಲ್ಲಾಯಿತು ಎಂದು ಬಂದವರಿಗೆಲ್ಲ ಹೇಳಿದ. ಪೊಲೀಸರು ಹಳ್ಳದಿಂದ ಎತ್ತಿಸಿ ಸ್ಟೇಷನ್ನಿನ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಪೆಡಲ್ ಒತ್ತಿಸಿ ನೋಡಿದರು. ಸರಿಯಾಗಿಯೇ ಇತ್ತು. ಹಿಂದಿನ ರಾತ್ರಿ ಮಂಪರು ತರಿಸುವ ಯಾಂಗೋನಾ ಬೇರಿನ ರಸ ಎಷ್ಟು ಚಿಪ್ಪು ಕುಡಿದಿದ್ದೆ ಎಂದು ಕೇಳಿದರು. ಕುಡಿದಿದ್ದ, ಎಲ್ಲರ ಹಾಗೆ. ತೂಕಡಿಸಿದ, ಹೆಂಡತಿಯನ್ನು ಕೊಂದ ಎಂದು ಊರು ತೀರ್ಮಾನಿಸಿತು. ಕೋರ್ಟಿನಲ್ಲಿ ಲೈಸೆನ್ಸ್ ಹೋಯಿತು. ಕೆಲವು ತಿಂಗಳ ನಂತರ ಪೆನಿ ಪೆಡಲಿನ ಮಾತನ್ನೇ ಬಿಟ್ಟ.

ಕಾರು ಗುಜರಿಗೆ ಹೋಯಿತೆಂದು ದೋರ್ಸಾಮಿ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಅವನು ಎಲ್ಲಿ ಕಿತ್ತಳೆಯ ವಾಸನೆ ಬಂದರೂ ಎದ್ದು ಹೋಗುತ್ತಿದ್ದ. ಗಿರಾಕಿಗಳ ಕಾರಿನಲ್ಲಿ ಕೂತಾಗ ಪಕ್ಕದ ಸೀಟಿನ ಕಡೆ ನೋಡುತ್ತಿರಲಿಲ್ಲ. ಸಂತೆಯಲ್ಲಿ ಪೆನಿ ಮರಗೆಣಸು ಮಾರುವ ಮೂಲೆಯನ್ನು ಸುತ್ತು ಹಾಕಿ ಹೋಗುತ್ತಿದ್ದ.

ಯಾರೋ ರಿಪೇರಿ ಮಾಡಿ, ಬಣ್ಣ ಬಳಿದು ಮಾರಿದ್ದ ಆ ಗಾಡಿಯ ಬಾನೆಟ್ ಎತ್ತಿ ಈಗ ಅವನು ಕೆಲಸಕ್ಕೆ ಕೈ ಹಾಕಿದ. ಮನಸ್ಸಿನಲ್ಲಿ ಒಂದೇ ಆಸೆ. ಗಾಡಿ ಹಳ್ಳದ ನೀರಿನಲ್ಲಿ ಬಿದ್ದಿತ್ತಲ್ಲ, ಸೆನ್ಸರಿನ ತಂತಿ ಕೂಡುವ ಜಾಗದಲ್ಲಿ ಕೆಸರೋ ತುಕ್ಕೋ ಸಿಕ್ಕರೆ ಸಾಕು. ಹಾಗಾದರೆ ಈಗಿನ ದೋಷ ಹಳ್ಳದ ನೀರಿನದು, ಅಂದಿನದು ಬೇರೆ ಏನೋ, ಪೆನಿ ನಿದ್ದೆ ಹೋಗಿದ್ದೇ ನಿಜ. ಹಾಗೆಂದುಕೊಂಡು ಕನೆಕ್ಟರ್ ಬಿಚ್ಚಿದ. ತಾಮ್ರ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ತಂತಿಯನ್ನು ಗೇಣು ಗೇಣಿಗೂ ಅಲ್ಲಾಡಿಸಿ ನೋಡಿದ, ಎಲ್ಲೂ ಕಡಿದಿರಲಿಲ್ಲ. ಮೀಟರ್ ಹಿಡಿದರೆ ವಿದ್ಯುತ್ತು ಸರಿಯಾಗಿ ಬರುತ್ತಿತ್ತು. ಬ್ರೇಕ್ ಎಣ್ಣೆಯೂ ಸರಿಯಿತ್ತು. ಪೆಡಲಿನಿಂದ ಕಾಲು ತೆಗೆದರೆ ಸ್ಕ್ಯಾನರಿನಲ್ಲಿ ಒತ್ತಡ ಸೊನ್ನೆ, ಒತ್ತಿದರೆ ಕಾಲಿನ ಭಾರಕ್ಕೆ ತಕ್ಕಂತೆ ಅಂಕಿ ಏರುತ್ತಿತ್ತು.

ಎಲ್ಲವೂ ಸರಿ. ಅಂದು ಪೊಲೀಸರು ಕಂಡಿದ್ದೂ ಇದನ್ನೇ. ಇಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಹಳ ಹೊತ್ತು ಟೂಲ್ ಪೆಟ್ಟಿಗೆಯ ಮೇಲೆ ಕೂತಿದ್ದವನು, ಇಳಿಯುವಾಗ ದೀಪ ಹತ್ತುತ್ತದೆ ಎಂದ ಫರೀನಾಳ ಮಾತು ನೆನೆದು ಎದ್ದು ಕಾರನ್ನು ಗುಡ್ಡದ ಕಡೆ ತಿರುಗಿಸಿದ.

ಸ್ಕ್ಯಾನರನ್ನು ಪಕ್ಕದ ಸೀಟಿನ ಮೇಲೆ ಇಡಬೇಕಾಯಿತು. ಅಂಕಿ ನೋಡಬೇಕಾದರೆ ಆ ಸೀಟನ್ನು ನೋಡದೆ ವಿಧಿಯಿರಲಿಲ್ಲ. ನೆತ್ತಿಯವರೆಗೆ ಹೋಗಿ, ಕಾರು ತಿರುಗಿಸಿ, ಎದುರು ಗಾಡಿಗಳು ಖಾಲಿಯಾಗುವ ತನಕ ಕಾದು, ಆಮೆಯ ಹಾಗೆ ಇಳಿಯತೊಡಗಿದ. ಮೊದಲ ಎರಡು ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಮೂರನೆಯದರಲ್ಲಿ ಕಾಲು ತೆಗೆದರೂ ಅಂಕಿ ಸೊನ್ನೆಗೆ ಇಳಿಯಲಿಲ್ಲ. ಬಿಸಿಯೇರಿದ ಸೆನ್ಸರು ಇಲ್ಲದ ಒತ್ತಡವನ್ನು ಇದೆ ಎನ್ನುತ್ತಿತ್ತು. ಐದನೆಯದರಲ್ಲಿ ಅಂಕಿ ಯಾವ ಮನುಷ್ಯನ ಕಾಲೂ ಒತ್ತಲಾರದಷ್ಟು ಮೇಲಕ್ಕೆ ಹಾರಿತು. ಕಂಪ್ಯೂಟರು ಗಲಿಬಿಲಿಯಾಗಿ ಬ್ರೇಕಿಗೆ ಕೊಡುತ್ತಿದ್ದ ಬಲವನ್ನು ಹಿಂತೆಗೆದುಕೊಂಡಿತು. ದೀಪ ಹತ್ತಿತು, ಗಂಟೆ ಕಿರುಚಿತು. ಪೆಡಲ್ ಕಲ್ಲಾಯಿತು.

ದೋರ್ಸಾಮಿ ಎರಡೂ ಕಾಲಿನಲ್ಲಿ ಪೆಡಲಿನ ಮೇಲೆ ನಿಂತುಬಿಟ್ಟ. ಕಾರು ಸುಮ್ಮನೆ ಜಾರುತ್ತಲೇ ಇತ್ತು. ಆಮೆಯ ವೇಗದಲ್ಲಿದ್ದುದರಿಂದ ರಸ್ತೆಯಂಚಿನ ಜಲ್ಲಿಗೆ ಉಜ್ಜಿ, ದಿಬ್ಬಕ್ಕೆ ಒರಗಿ ನಿಂತಿತು. ಕೆಳಗಿನ ತಿರುವಿನಲ್ಲಿ ಲೊಸೆನಾಳ ನೆನಪಿಗೆ ನೆಟ್ಟ, ಪ್ಲಾಸ್ಟಿಕ್ ಹೂ ಸುತ್ತಿದ ಬಿಳಿ ಶಿಲುಬೆ ಕಾಣುತ್ತಿತ್ತು. ಪಕ್ಕದ ಸೀಟಿನಿಂದ ಯಾರೋ ಮೆಲ್ಲಗೆ, ಇನ್ನೇನೂ ತೊಂದ್ರೆ ಇಲ್ವಲ್ಲ ಅಣ್ಣ, ಎಂದಂತಾಯಿತು. ಅವನು ಬಾಗಿಲು ತೆಗೆದು ಹೊರಗೆ ಬಂದು ಹುಲ್ಲಿನ ಮೇಲೆ ಕೂತ.

ಅಲ್ಲಿಂದಲೇ ಫರೀನಾಳಿಗೆ ಫೋನ್ ಮಾಡಿದ.

"ದೀಪ ಆರಿಸೋಕೆ ಹೇಳಿದ್ದೆ ಅಂಕಲ್, ಗಾಡಿ ಕಿತ್ಕೊಳ್ಳೋಕಲ್ಲ! ಸುವಾದಿಂದ ಹಡಗಲ್ಲಿ ಸಾಮಾನು ಬರೋ ತನಕ ನಾನು ಗುಡ್ಡ ಹೇಗೆ ದಾಟ್ಲಿ? ನನಗೇನು ರೆಕ್ಕೆ ಇದ್ಯಾ?"

"ಬಸ್ಸಲ್ಲಿ ದಾಟು ತಾಯಿ. ಇದರಲ್ಲಿ ಬೇಡ. ಇಳಿಜಾರಲ್ಲಿ ಬ್ರೇಕ್ ಹಿಡಿಯಲ್ಲ."

"ನಿನ್ನೆ ಅದರಲ್ಲಿ ತುಂಬು ಬಸುರೀನ ಕರ್ಕೊಂಡು ಬಂದೆ," ಎಂದು ಫೋನ್ ಇಟ್ಟಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ದೋರ್ಸಾಮಿ ಹೆಂಡತಿ ಅಂಗಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಈಗ ಹೇಳಿದ್ರೆ ಸತ್ತೋಳು ಎದ್ದು ಬರ್ತಾಳಾ? ನಾಳೆ ಗ್ಯಾರೇಜಿಗೆ ನಾಯಿನೂ ಬರಲ್ಲ. ಊರಲ್ಲಿ ನೀವೊಬ್ರೇನಾ ದೀಪ ಆರಿಸೋರು?"

"ಎಲ್ರೂ ಆರಿಸ್ತಾರೆ. ಆ ಗಾಡೀದು ಆರಿಸಿದ್ದು ನಾನು."

"ಪೆನಿಯೇ ಸುಮ್ಮನಾದ. ನೀವ್ಯಾಕೆ ಕೆದಕ್ತೀರಾ?"

"ಅವನು ಸುಮ್ಮನಾಗಿದ್ದೇ ನನ್ನನ್ನ ತಿಂತಿದೆ ಕಣೇ."

ಅಂಗಮ್ಮ ಕಣ್ಣೊರೆಸಿಕೊಂಡು, ದಾಲ್ ಉಳಿದಿದ್ದ ಅವನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ದೋರ್ಸಾಮಿ ಆಗಲೇ ಸಂತೆಗೆ ಹೋದ. ಪೆನಿ ಮರಗೆಣಸಿನ ರಾಶಿಯ ಹಿಂದೆ ಮೋಟು ಸ್ಟೂಲಿನ ಮೇಲೆ ಕೂತಿದ್ದ. ಹತ್ತಿರ ಹೋದ ಮೇಲೆ ದೋರ್ಸಾಮಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಾತಾಡುವಾಗಲೂ ಗೆಣಸು ಕೊಡುವಾಗಲೂ ಪೆನಿಯ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಅಲ್ಲಿ ಮಣ್ಣು ಗುಳಿ ಬಿದ್ದಿತ್ತು.

"ಏನಣ್ಣ, ದಾರಿ ತಪ್ಪಿ ಬಂದ್ಯಾ? ಎರಡು ವರ್ಷದಿಂದ ಆ ಕಡೆ ಮೂಲೇಲೇ ಕೊಂಡ್ಕೊಳ್ತಿದ್ದೆ. ನನ್ನ ಗೆಣಸಲ್ಲೇನು ಹುಳ ಇತ್ತಾ?"

ದೋರ್ಸಾಮಿ ಅವನ ಎದುರಿಗೆ ನೆಲದ ಮೇಲೆ ಕೂತು ಹೇಳಿದ. ಏನನ್ನೂ ಬಿಡಲಿಲ್ಲ, ಕಿತ್ತಳೆಯ ಮಾತನ್ನೂ ಬಿಡಲಿಲ್ಲ.

ಪೆನಿ ತನ್ನ ಬಲಗಾಲಿನ ಕಡೆ ನೋಡಿದ.

"ನಾನು ಒತ್ತಿದೆ ಅಂತಾನೇ ಅಂದ್ಕೊಂಡಿದ್ದೆ," ಎಂದ. "ಎಲ್ರೂ ಇಲ್ಲ ಇಲ್ಲ ಅಂದ್ರು. ಆಮೇಲೆ ನನಗೂ ಹಾಗೇ ಅನಿಸೋಕೆ ಶುರುವಾಯ್ತು. ಕನಸಲ್ಲಿ ಒತ್ತಿರಬೇಕು ಅಂದ್ಕೊಂಡೆ. ನನ್ನ ಕಾಲನ್ನೇ ನಾನು ನಂಬದ ಹಾಗಾಯ್ತು ಕಣಣ್ಣ." ಆಮೇಲೆ ಥಟ್ಟನೆ ದನಿ ಏರಿತು. "ನಿನಗೆ ಗೊತ್ತಿತ್ತು! ಕೋರ್ಟಲ್ಲಿ ನಾನು ತಲೆ ತಗ್ಗಿಸಿ ನಿಂತಾಗ ನಿನಗೆ ಗೊತ್ತಿತ್ತು!"

"ಗೊತ್ತಿತ್ತು ಅನ್ನೋಕೆ ಧೈರ್ಯ ಇರಲಿಲ್ಲ. ಗೊತ್ತಿಲ್ಲ ಅಂದ್ಕೊಂಡು ಬದುಕಿದೆ."

ಪೆನಿ ಎದ್ದು ಗೆಣಸಿನ ಮೇಲೆ ಗೋಣಿ ಎಳೆದ. "ನನ್ನ ಹತ್ರ ಹೇಳಿದ್ದು ಸಾಲದು. ಅವಳ ಅಮ್ಮನ ಮುಂದೆ ಹೇಳ್ಬೇಕು. ಯಾಂಗೋನಾ ಬೇರು ಹಿಡ್ಕೊಂಡು ಬಾ. ಅವಳು ಅದನ್ನ ಮುಟ್ಟಿದ್ರೆ ಕ್ಷಮಿಸಿದ ಹಾಗೆ. ತಪ್ಪೊಪ್ಪಿಕೊಳ್ಳೋನ ಪರವಾಗಿ ಮಾತಾಡೋಕೆ ಒಬ್ಬ ಇರ್ಬೇಕು ಅನ್ನೋದು ನಮ್ಮ ಪದ್ಧತಿ. ನಾನು ನಿನ್ನ ಪರ ಮಾತಾಡಲ್ಲ. ನೀನೇ ಆಡು."

ಲೊಸೆನಾಳ ತಾಯಿ ಕೆಲೆರಾ ಗುಡ್ಡದ ಬುಡದ ಹಳ್ಳಿಯಲ್ಲಿದ್ದಳು. ಅವತ್ತು ಸಂಜೆಯೇ ಇಬ್ಬರೂ ಅಲ್ಲಿಗೆ ಹೋದರು. ಅವಳು ಚಾಪೆಯ ಮೇಲ್ತುದಿಯಲ್ಲಿ, ಹಿರಿಯರೂ ಮನೆಯವರೂ ಕೂರುವ ಕಡೆ, ಗೋಡೆಗೆ ಒರಗಿ ಕೂತಿದ್ದಳು. ಪೆನಿ ಒಳಗೆ ಬಂದವನೇ ಬಾಗಿಲ ಬುಡದಲ್ಲಿ, ಅಪರಿಚಿತರು ಕೂರುವ ಜಾಗದಲ್ಲಿ, ರೂಢಿಯಾದವನಂತೆ ಕೂತ. ದೋರ್ಸಾಮಿ ಅವನ ಪಕ್ಕ ಕೂತು, ಯಾಂಗೋನಾ ಬೇರಿನ ಕಟ್ಟನ್ನು ಮುಂದಿಟ್ಟು, ತಲೆ ತಗ್ಗಿಸಿ ಹೇಳತೊಡಗಿದ. ಎರಡು ಸಲ ಮಾತು ತಪ್ಪಿ ಮೊದಲಿನಿಂದ ಶುರು ಮಾಡಿದ. ಯಾರೂ ನೆರವಿಗೆ ಬರಲಿಲ್ಲ.

ಹೇಳಿ ಮುಗಿಸಿದಾಗ ಮುದುಕಿ, "ನನ್ನ ಮಗಳು ಏನು ಕೇಳಿದ್ಲು ಅಂದೆ? ಇನ್ನೊಂದ್ಸಲ ಹೇಳು," ಎಂದಳು.

"ಇನ್ನೇನೂ ತೊಂದ್ರೆ ಇಲ್ವಲ್ಲ ಅಣ್ಣ, ಅಂತ."

ಕೆಲೆರಾ ಆ ಮಾತನ್ನು ತುಟಿಯೊಳಗೇ ಒಮ್ಮೆ ಹೇಳಿಕೊಂಡಳು.

"ಇವನು ಬ್ರೇಕ್ ಒತ್ತಿದ್ನಾ?"

"ನಾನು ನೋಡಿಲ್ಲಮ್ಮ. ಆದ್ರೆ ನಿನ್ನೆ ಅದೇ ಗಾಡೀಲಿ, ಅದೇ ಇಳಿಜಾರಲ್ಲಿ ನಾನು ಒತ್ತಿದೆ. ಹಾಡಹಗಲಲ್ಲಿ, ಎಚ್ಚರವಾಗಿ, ಎರಡೂ ಕಾಲಲ್ಲಿ. ಅದು ನಿಲ್ಲಲಿಲ್ಲ."

ಮುದುಕಿ ಬೇರಿನ ಕಟ್ಟಿನ ಕಡೆ ನೋಡಿದಳು. ಕೈ ಚಾಚಲಿಲ್ಲ.

"ಇದನ್ನ ಇವತ್ತು ನಾನು ಮುಟ್ಟಲ್ಲ. ಮೊದಲು ಸ್ಟೇಷನ್ನಿಗೆ ಹೋಗಿ ಇದೇ ಮಾತನ್ನ ಬರೆಸು. ಆ ಗಾಡಿ ಇನ್ನು ರಸ್ತೆಗೆ ಇಳೀದ ಹಾಗೆ ಮಾಡು. ಆಮೇಲೆ ಬಾ. ಮುಟ್ತೀನೋ ಇಲ್ವೋ ಅವತ್ತು ನೋಡೋಣ."

"ಆಗ್ಲಿ ಅಮ್ಮ. ಈಗಲೇ ಹೋಗ್ತೀನಿ."

ಅವಳು ಅಳಿಯನ ಕಡೆ ತಿರುಗಿದಳು. ಎರಡು ವರ್ಷದಿಂದ ಅವನು ಈ ಮನೆಗೆ ಗೆಣಸು ತಂದಿಟ್ಟು, ಬಾಗಿಲ ಬುಡದಲ್ಲೇ ನೀರು ಕುಡಿದು ಹೋಗುತ್ತಿದ್ದ.

"ಅಲ್ಲಿ ಯಾಕೆ ಕೂತಿದೀಯಾ? ಮೇಲೆ ಬಾ."

ಪೆನಿ ಕೂಡಲೇ ಅಲ್ಲಾಡಲಿಲ್ಲ. ಆಮೇಲೆ, ಹಿರಿಯರ ಎದುರು ಎದ್ದು ನಿಲ್ಲಬಾರದೆಂದು ಮಂಡಿಯ ಮೇಲೆಯೇ ಚಾಪೆ ದಾಟಿ, ಅತ್ತೆಯ ಪಕ್ಕಕ್ಕೆ ಹೋದ.

ದೋರ್ಸಾಮಿ ಬಾಗಿದ ಬೆನ್ನಲ್ಲೇ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. ಲಂಬಾಸಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೆಟ್ಟಿಲಿಳಿಯುವಾಗ ಒಳಗಿನಿಂದ ಮುದುಕಿಯ ದನಿ ಕೇಳಿಸಿತು.

"ಅವತ್ತು ಏನೇನಾಯ್ತು ಅಂತ ನಾನು ನಿನ್ನ ಕೇಳಲೇ ಇಲ್ಲ. ಹೇಳು. ಸವುಸವು ಬಿಟ್ಟಿದ್ದರಿಂದ ಹೇಳು."

ಪೆನಿ ಹೇಳತೊಡಗಿದ.